ಫೆಸಂಟ್ ಬೇಟೆ: ಕೋವಿಗಿಂತ ಮೊದಲು ಕಾಡಿನ ಕೆಲಸ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಹಳ್ಳಿಯೊಂದರಲ್ಲಿದ್ದಾರೆ. ಕಳೆದ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಅವರ ಜೊತೆಗಿದ್ದೆ. ಮೊದಲು ರಸ್ತೆ ತುಂಬ ಕೋಳಿಯಂಥ ಹಕ್ಕಿಗಳು ಓಡಾಡುತ್ತಿದ್ದವು. ನವೆಂಬರ್ ಬಂದದ್ದೇ ಶನಿವಾರ ಶನಿವಾರ ಗುಂಡಿನ ಸದ್ದು. ಸಾಕಿ, ಕಾಡಿಗೆ ಬಿಟ್ಟು, ಆಮೇಲೆ ಹೊಡೆಯುತ್ತಾರೆಂದು ತಿಳಿದು ಸಂಕಟವಾಯಿತು. ಈ ಸಲ ಹಕ್ಕಿ ಎಬ್ಬಿಸಲು ಬಾ ಎಂದು ಅಳಿಯನನ್ನೂ ಕರೆದಿದ್ದಾರಂತೆ. ಇದು ಬೇಟೆಯೇ? ಕಾನೂನು ಒಪ್ಪುತ್ತದೆಯೇ? ಅಷ್ಟೊಂದು ಹಕ್ಕಿಯನ್ನು ಹೇಗೆ ಸಿದ್ಧ ಮಾಡುತ್ತಾರೆ? ಅಳಿಯ ಹೋಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಮೇಡಂ. ಅಳಿಯ ಹೋಗಬಹುದು. ಕೋವಿ ಮುಟ್ಟದವರಿಗೆ ಲೈಸೆನ್ಸ್ ಬೇಕಿಲ್ಲ. ಕೈಗೊಂದು ಕೋಲು, ಕಾಲಿಗೆ ಗಟ್ಟಿ ಬೂಟು ಇದ್ದರೆ ಸಾಕು. ಆದರೆ ನಿಮ್ಮ ಸಂಕಟ ಇರುವುದು ಅದರ ಹಿಂದಿನ ಪ್ರಶ್ನೆಗಳಲ್ಲಿ. ನಾನು ಕೊಪ್ಪದ ಕಡೆಯವನು. ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಇಪ್ಪತ್ತು ವರ್ಷದಿಂದ ಇಂಗ್ಲೆಂಡ್–ವೇಲ್ಸ್ ಗಡಿಯಲ್ಲಿ ಕೋಳಿಗಳಿಗೂ ಬೇಟೆಹಕ್ಕಿಗಳಿಗೂ ಮದ್ದು ಮಾಡುತ್ತಿದ್ದೇನೆ. ಬಂದ ಹೊಸತರಲ್ಲಿ ನನಗೂ ಇದೇ ಸಂಕಟವಾಗಿತ್ತು. ಈಗ ಆ ಸಂಕಟ ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಎಲ್ಲಿ ಸಂಕಟಪಡಬೇಕು, ಎಲ್ಲಿ ಬೇಡ ಎನ್ನುವುದು ಮಾತ್ರ ಈಗ ಗೊತ್ತಾಗುತ್ತದೆ. ಅದನ್ನೇ ಬಿಡಿಸಿ ಬರೆಯುತ್ತೇನೆ.

ಹಳೆಗನ್ನಡದಲ್ಲಿ 'ಸೋವು' ಎಂಬ ಮಾತಿದೆ. ಮೃಗವನ್ನು ಬೆದರಿಸಿ, ಎಬ್ಬಿಸಿ, ಒಂದು ದಿಕ್ಕಿಗೆ ಅಟ್ಟುವುದು ಎಂದು ಅರ್ಥ. ನಮ್ಮ ಅಜ್ಜ ಬೇಟೆಯ ಕಥೆ ಹೇಳುವಾಗ ಊರವರನ್ನು ಎರಡು ಪಾಲು ಮಾಡುತ್ತಿದ್ದರು: ಹಳು ನುಗ್ಗುವವರು, ಬಿಲ್ಲಿಗೆ, ಅಂದರೆ ಕಾದು ಹೊಡೆಯುವ ಜಾಗಕ್ಕೆ, ನಿಲ್ಲುವವರು. ನುಗ್ಗುವವರು ಕೂಗುತ್ತ, ತಮಟೆ ಬಡಿಯುತ್ತ ಬರಬೇಕು, ಬಿಲ್ಲಿಗೆ ನಿಂತವರು ಉಸಿರು ಬಿಗಿಹಿಡಿದು ಕಾಯಬೇಕು. ನೀವು ನೋಡಿದ್ದೂ ಇದೇ ಏರ್ಪಾಡು, ಹಂದಿಯ ಬದಲು ನೀವು ರಸ್ತೆಯಲ್ಲಿ ಕಂಡ ಕೋಳಿಯಂಥ ಹಕ್ಕಿ, ಫೆಸಂಟ್, ಅಷ್ಟೆ. ಇಲ್ಲಿ ಇದಕ್ಕೆ 'ಡ್ರಿವನ್ ಶೂಟಿಂಗ್' ಎನ್ನುತ್ತಾರೆ. ಹಕ್ಕಿ ಇರುವಲ್ಲಿಗೆ ಬೇಟೆಗಾರ ಹೋಗುವುದಿಲ್ಲ, ಬೇಟೆಗಾರನ ತಲೆಯ ಮೇಲೆ ಹಕ್ಕಿ ಹಾರಿಬರುವಂತೆ ಮಾಡುತ್ತಾರೆ.

ಮೊದಲೆಲ್ಲ ಇಲ್ಲೂ ನಾಯಿ ಕಟ್ಟಿಕೊಂಡು ಬೇಲಿ ಬೇಲಿ ಸುತ್ತಿಯೇ ಹೊಡೆಯುತ್ತಿದ್ದರು. ಆಗಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕಿತ್ತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಫ್ರೆಂಚರ ಮಡಚುವ ಕೋವಿ ಬಂತು. ನಡುವೆ ಮುರಿದು, ಹಿಂದಿನಿಂದ ತೋಟಾ ತುರುಕಿದರೆ ಮುಗಿಯಿತು. ಒಂದು ಗುಂಡು ಹಾರುತ್ತಿದ್ದ ಹೊತ್ತಿನಲ್ಲಿ ಹಲವು ಹಾರತೊಡಗಿದವು. ನಿಂತಲ್ಲೇ ನಿಂತು ಹಾರುವ ಹಕ್ಕಿಯನ್ನು ಹೊಡೆಯುವ ಆಟ ಶ್ರೀಮಂತರಿಗೆ ಹಿಡಿಸಿಬಿಟ್ಟಿತು. ರಾಣಿ ವಿಕ್ಟೋರಿಯಾಳ ಮಗ ಎಡ್ವರ್ಡ್‌ಗಾಗಿ 1862ರಲ್ಲಿ ಕೊಂಡ ಸ್ಯಾಂಡ್ರಿಂಗ್‌ಹ್ಯಾಮ್ ಜಹಗೀರಿನಲ್ಲಿ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಿಟ್ಟಿದ್ದರು, ಚಳಿಗಾಲದ ಬೆಳಕು ಬೇಟೆಗೆ ಇನ್ನಷ್ಟು ಸಿಗಲಿ ಎಂದು. ಆ 'ಸ್ಯಾಂಡ್ರಿಂಗ್‌ಹ್ಯಾಮ್ ಟೈಮ್' 1936ರವರೆಗೂ ನಡೆಯಿತು. ಪಂಜಾಬಿನ ಗದ್ದುಗೆ ಕಳೆದುಕೊಂಡು ಇಲ್ಲಿಗೆ ಬಂದ ಮಹಾರಾಜ ದುಲೀಪ್ ಸಿಂಗ್ 1863ರಲ್ಲಿ ಸಫೊಕ್‌ನ ಎಲ್ವೆಡೆನ್ ಜಹಗೀರು ಕೊಂಡು, ದೇಶದ ಅತ್ಯುತ್ತಮ ಗುರಿಕಾರರಲ್ಲಿ ಒಬ್ಬನೆನಿಸಿಕೊಂಡ. ಅತಿರೇಕದ ದಿನ ಯಾವುದೆಂದು ಕೇಳಿದರೆ ಬೇಟೆಯ ಕಾಡು, ಹಕ್ಕಿ ನೋಡಿಕೊಳ್ಳುವ ಹಳೆಯ ಕೀಪರ್‌ಗಳು ಈಗಲೂ 1913ರ ಡಿಸೆಂಬರ್ 18 ಎನ್ನುತ್ತಾರೆ. ಬಕಿಂಗ್‌ಹ್ಯಾಮ್‌ಶೈರ್‌ನ ಹಾಲ್ ಬಾರ್ನ್‌ನಲ್ಲಿ ಐದನೇ ಜಾರ್ಜ್ ದೊರೆಯ ತಂಡ ಆ ಒಂದೇ ದಿನ 3,937 ಫೆಸಂಟ್‌ಗಳನ್ನು ಉರುಳಿಸಿತು. ಮನೆಗೆ ಹಿಂದಿರುಗುವಾಗ, ಇವತ್ತು ಸ್ವಲ್ಪ ಹೆಚ್ಚೇ ಆಯಿತೇನೋ ಎಂದು ದೊರೆಯೇ ಮಗನೊಂದಿಗೆ ಅಂದನಂತೆ. ಅದೇ ರೋಗ ನಮ್ಮ ದೇಶಕ್ಕೂ ಹಬ್ಬಿತ್ತು. 1938ರಲ್ಲಿ ಭರತ್‌ಪುರದ ಕೆರೆಯಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದ ದಿನ ಸತ್ತ ನೀರುಹಕ್ಕಿಗಳ ಲೆಕ್ಕ ನಾಲ್ಕು ಸಾವಿರ ದಾಟುತ್ತದೆ. ಅಲ್ಲಿನ ಕಲ್ಲಿನ ಮೇಲೆ ಆ ಲೆಕ್ಕ ಕೆತ್ತಿಯೂ ಇದೆ.

ಇನ್ನು ಕಾನೂನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಬಾಗಿಲು ಮುಚ್ಚಿತು. ಬ್ರಿಟನ್ನಿನಲ್ಲಿ ಬಾಗಿಲು ಮುಚ್ಚಿಲ್ಲ, ತೆರೆಯುವ ಮುಚ್ಚುವ ದಿನ ಗೊತ್ತುಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಬುಡ 1831ರ ಗೇಮ್ ಆಕ್ಟ್. ಫೆಸಂಟ್‌ಗೆ ಅಕ್ಟೋಬರ್ 1ರಿಂದ ಫೆಬ್ರವರಿ 1. ಕೌಜುಗಕ್ಕೆ ಸೆಪ್ಟೆಂಬರ್ 1ರಿಂದ ಫೆಬ್ರವರಿ 1. ಬೆಟ್ಟದ ಹೆದರ್ ಪೊದೆಗಳಲ್ಲಿರುವ ಕೆಂಪು ಗ್ರೌಸ್‌ಗೆ ಆಗಸ್ಟ್ 12ರಿಂದ ಡಿಸೆಂಬರ್ 10. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಭಾನುವಾರವೂ ಕ್ರಿಸ್‌ಮಸ್ ದಿನವೂ ಇವುಗಳನ್ನು ಹೊಡೆಯುವಂತಿಲ್ಲ. ಕೋವಿಗೆ ಪೊಲೀಸರ ಸರ್ಟಿಫಿಕೇಟ್ ಬೇಕು, ಜಮೀನಿನಲ್ಲಿ ಬೇಟೆಯ ಹಕ್ಕಿರುವವರ ಒಪ್ಪಿಗೆ ಬೇಕು. ಒಂದು ವಿಚಿತ್ರವಿದೆ. ದೊಡ್ಡಿಯೊಳಗೆ ಇರುವವರೆಗೆ ಫೆಸಂಟ್ ಸಾಕಿದವನ ಆಸ್ತಿ. ಹೊರಗೆ ಬಿಟ್ಟ ಕೂಡಲೇ ಕಾನೂನಿನ ಕಣ್ಣಿಗೆ ಅದು ಕಾಡುಹಕ್ಕಿ. ಪಕ್ಕದ ಜಮೀನಿಗೆ ಹಾರಿದರೆ 'ನನ್ನದು' ಎನ್ನುವಂತಿಲ್ಲ. ಈ ಕೆಲಸವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ: ಹಕ್ಕಿಯನ್ನು ಬೇಲಿ ಹಾಕಿ ಹಿಡಿದಿಡಲಾಗದು, ಅದು ತಾನಾಗಿ ಇರಬೇಕು ಎನ್ನಿಸುವಂಥ ಜಾಗ ಮಾಡಿಕೊಡಬೇಕು.

ಆ ಜಾಗ ಮಾಡುವವನೇ ಕೀಪರ್. ಅವನ ವರ್ಷ ಶುರುವಾಗುವುದು ಫೆಬ್ರವರಿ 2ರಂದು, ಕೋವಿಗಳೆಲ್ಲ ಕಪಾಟು ಸೇರಿದ ಮರುದಿನ.

ಫೆಸಂಟ್‌ನ ಮೂಲ ಇಂಗ್ಲೆಂಡಲ್ಲ. ಈಗಿನ ಜಾರ್ಜಿಯಾದ ಫಾಸಿಸ್ ನದಿಯ ದಂಡೆಯಿಂದ ಅದಕ್ಕೆ ಹೆಸರು ಬಂದದ್ದು. ಅದು ದಟ್ಟ ಕಾಡಿನ ಹಕ್ಕಿಯೂ ಅಲ್ಲ, ಬಟ್ಟಬಯಲಿನ ಹಕ್ಕಿಯೂ ಅಲ್ಲ. ಕಾಡು ಮುಗಿದು ಗದ್ದೆ ಶುರುವಾಗುವ ಅಂಚು ಅದರ ಮನೆ. ನಮ್ಮ ಕಾಡುಕೋಳಿಯ ಹಾಗೆಯೇ. ಬೆಳಗ್ಗೆ ಅಂಚಿಗೆ ಬಂದು ಕೆದಕುತ್ತದೆ, ಗದ್ದಲವಾದರೆ ಪೊದೆಗೆ ನುಗ್ಗುತ್ತದೆ, ಸಂಜೆ ಮರ ಹತ್ತುತ್ತದೆ. ಆದ್ದರಿಂದ ಒಳ್ಳೆಯ ಕೀಪರ್ ಕಾಡಿನಲ್ಲಿ ಅಂಚುಗಳನ್ನು ಹೆಚ್ಚಿಸುತ್ತಾನೆ. ಚಳಿಗಾಲದಲ್ಲಿ ಹೇಜಲ್ ಪೊದೆಗಳನ್ನು ಬುಡದವರೆಗೆ ಕಡಿಯುತ್ತಾನೆ, ವಸಂತದಲ್ಲಿ ಬುಡದಿಂದ ಹತ್ತು ಕವಲು ಚಿಗುರುತ್ತವೆ. ಕಾಡಿನೊಳಗೆ ಅಗಲದ ಓಣಿ ಬಿಡಿಸಿ ನೆಲಕ್ಕೆ ಬಿಸಿಲು ಇಳಿಸುತ್ತಾನೆ. ಗಾಳಿ ಹೊಡೆಯುವ ಕಡೆ ಕೆಳಗಿನಿಂದಲೇ ದಟ್ಟವಾದ ಬೇಲಿಗಿಡ ನೆಡುತ್ತಾನೆ. ಹೊರಗಿನಿಂದ ಬರಿಯ ಎತ್ತರದ ಮರಗಳಾಗಿ ಕಂಡರೂ ಒಳಗೆ ನೆಲ ಬರಿದಾಗಿ ಶೀತಗಾಳಿ ನುಗ್ಗುವ ಕಾಡಿನಲ್ಲಿ ಫೆಸಂಟ್ ಒಂದು ರಾತ್ರಿಯೂ ನಿಲ್ಲುವುದಿಲ್ಲ. ನಾನು ಹೊಸ ಜಾಗಕ್ಕೆ ಹೋದರೆ ಮೊದಲು ಮಾಡುವ ಕೆಲಸ ಮೊಣಕಾಲೂರಿ ಕೂತು, ಹಕ್ಕಿಯ ಕಣ್ಣಿನ ಎತ್ತರದಿಂದ ಕಾಡನ್ನು ನೋಡುವುದು. ಅಲ್ಲಿಂದ ಆಚೆ ಬದಿಯ ಗದ್ದೆ ಕಂಡರೆ ಆ ಕಾಡು ಫೆಸಂಟ್‌ಗೆ ಆಗದು.

ಎರಡನೆಯದು ಮರೆಬೆಳೆ. ಕಟಾವಿಗಲ್ಲ, ಹಕ್ಕಿಗೆ ಅಡಗುವ ಜಾಗವಾಗಿ, ಮೇವಾಗಿ ನಿಲ್ಲಲಿ ಎಂದು ಬಿತ್ತುವ ಬೆಳೆ. ಇಲ್ಲಿ ಏನು ಬಿತ್ತುತ್ತಾರೆ ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಮುಸುಕಿನ ಜೋಳ, ಗಿಡ್ಡ ತಳಿಯ ಬಿಳಿಜೋಳ, ಸಣ್ಣ ಸಿರಿಧಾನ್ಯಗಳು, ಸಾಸಿವೆ, ಜೊತೆಗೆ ಕೇಲ್ ಎನ್ನುವ ಕೋಸಿನ ಜಾತಿಯ ಸೊಪ್ಪು. ಗದಗದ ರೈತ ತೆನೆಗಾಗಿ ಬೆಳೆಯುವುದನ್ನು ಇಲ್ಲಿಯವರು ಹಕ್ಕಿಯ ಬಿಡಾರಕ್ಕಾಗಿ ಬೆಳೆಯುತ್ತಾರೆ. ಮೊದಲ ಸಲ ಕಂಡಾಗ ನನಗೆ ಮನೆ ನೆನಪಾಗಿ ಆ ಸಾಲುಗಳ ನಡುವೆ ಸುಮ್ಮನೆ ನಡೆದಾಡಿದ್ದೆ. ಜೋಳವನ್ನು ಮಣ್ಣು ಬೆಚ್ಚಗಾದ ಮೇಲೆ ಮೇ ತಿಂಗಳಲ್ಲಿ ಬಿತ್ತುತ್ತಾರೆ. ಕೇಲ್ ಸ್ವಲ್ಪ ತಡವಾಗಿ ಬೀಳುತ್ತದೆ, ಹಿಮಕ್ಕೂ ಅಂಜದೆ ಎರಡನೇ ವರ್ಷ ಹೂ ಬಿಟ್ಟು ಬೀಜ ಕಟ್ಟುತ್ತದೆ. ಜನವರಿಯಲ್ಲಿ ಸುತ್ತಲ ಹೊಲವೆಲ್ಲ ಬೋಳಾಗಿರುವಾಗ ಆ ತುಂಡಿನಲ್ಲಿ ಫಿಂಚ್‌ಗಳು, ಕಾಡುಗುಬ್ಬಿಗಳು ಗುಂಪುಗುಂಪಾಗಿ ಮುತ್ತುತ್ತವೆ. ಲೆಸ್ಟರ್‌ಶೈರ್‌ನ ಲಾಡಿಂಗ್ಟನ್‌ನಲ್ಲಿ ಗೇಮ್ ಆಂಡ್ ವೈಲ್ಡ್‌ಲೈಫ್ ಕನ್ಸರ್ವೇಷನ್ ಟ್ರಸ್ಟ್ 1992ರಿಂದ ಒಂದು ಇಡೀ ಹೊಲವನ್ನೇ ಪ್ರಯೋಗಕ್ಕೆ ಇಟ್ಟುಕೊಂಡಿದೆ. ಮರೆಬೆಳೆ, ಬೇಲಿಸಾಲು, ಚಳಿಗಾಲದ ಮೇವು ಎಲ್ಲವನ್ನೂ ನಿಷ್ಠೆಯಿಂದ ಮಾಡಿದರೆ ಹಾಡುಹಕ್ಕಿಗಳೂ ಹೆಚ್ಚುತ್ತವೆ ಎಂದು ತೋರಿಸಿಕೊಟ್ಟದ್ದು ಅಲ್ಲೇ.

ಮರೆಬೆಳೆ ಎಲ್ಲಿ ಬೀಳಬೇಕು ಎನ್ನುವುದರಲ್ಲಿದೆ ಕೀಪರ್‌ನ ಜಾಣ್ಮೆ. ಫೆಸಂಟ್ ಹೆದರಿದರೆ ಮನೆ ಕಡೆ ಹಾರುತ್ತದೆ. ಅದರ ಮನೆಯೆಂದರೆ ಮರಿಯಾಗಿದ್ದಾಗ ಬಿಟ್ಟ ಕಾಡು. ಆದ್ದರಿಂದ ಮನೆಕಾಡು ಕಣಿವೆಯ ಒಂದು ಬದಿಗಿದ್ದರೆ, ಮೇವಿನ ಮರೆಬೆಳೆ ಎದುರು ಗುಡ್ಡದ ಮೇಲಿರಬೇಕು. ಬೆಳಗ್ಗೆ ಹಕ್ಕಿ ನಡೆದುಕೊಂಡು ಮೇಯಲು ಹೋಗುತ್ತದೆ, ಸೋವಿನವರು ಆಚೆಯಿಂದ ಎಬ್ಬಿಸಿದರೆ ಕಣಿವೆ ದಾಟಿ ಮನೆಗೆ ಹಾರುತ್ತದೆ. ಕೋವಿಯವರು ಕಣಿವೆಯ ತಳದಲ್ಲಿ ನಿಂತಿರುತ್ತಾರೆ. ನೆಲವೇ ಹಕ್ಕಿಗೆ ಎತ್ತರ ಕೊಟ್ಟಿತು. ಶ್ರಾಪ್‌ಶೈರ್, ವೇಲ್ಸ್, ಡೆವನ್‌ಗಳ ಗುಡ್ಡಗಾಡು ಈ ಬೇಟೆಗೆ ಹೆಸರಾಗಿರುವುದು ಇದಕ್ಕೇ. ಮರೆಬೆಳೆಯ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಗ್ಗುವ ಪೊದೆ ಬೇಕು. ಹಕ್ಕಿ ನೆಲದಲ್ಲಿ ಓಡಿಕೊಂಡೇ ಆ ತುದಿಯವರೆಗೆ ಬರುತ್ತದೆ, ಮುಂದೆ ಮರೆಯಿಲ್ಲ ಎಂದು ಕಂಡಾಗಲೇ ಏಳುತ್ತದೆ. ತುದಿ ಚೂಪಾಗಿ ಕೊನೆಗೊಂಡರೆ ಐನೂರು ಹಕ್ಕಿ ಒಂದೇ ಸಲಕ್ಕೆ ಭುಗಿಲೆದ್ದು ಹೋಗುತ್ತವೆ, ಡ್ರೈವ್, ಅಂದರೆ ಆ ಸಲದ ಸೋವು, ಕೆಟ್ಟಿತು.

ಇನ್ನು ಹಕ್ಕಿಗಳ ವಿಚಾರಕ್ಕೆ ಬರುತ್ತೇನೆ. ಇದು ನನ್ನ ಕಸುಬು, ಸ್ವಲ್ಪ ನಿಧಾನ ಮಾಡಿದರೆ ಮನ್ನಿಸಿ.

ಮೊಟ್ಟೆ ಏಪ್ರಿಲ್‌ನಿಂದ ಜೂನ್‌ವರೆಗೆ. ಕಾವಿಗೆ ಸುಮಾರು 24 ದಿನ. ಅಷ್ಟೂ ಮೊಟ್ಟೆ ಈ ದೇಶದವಲ್ಲ, ಬಹಳಷ್ಟು ಫ್ರಾನ್ಸಿನಿಂದ ಬರುತ್ತವೆ. 2022ರಲ್ಲಿ ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಹಕ್ಕಿಜ್ವರ ಹಬ್ಬಿ ಮೊಟ್ಟೆ, ಮರಿ ನಿಂತುಹೋದಾಗ ಇಲ್ಲಿ ಎಷ್ಟೋ ಕಡೆ ಆ ವರ್ಷದ ಬೇಟೆಯನ್ನೇ ಬಿಡಬೇಕಾಯಿತು. ಮರಿಗಳು ಮೊದಲು ಬಿಸಿದೀಪದ ಕೆಳಗೆ ಬೆಳೆಯುತ್ತವೆ. ಆಮೇಲೆ ಮಾಡಿನ ಹೊರಗಿನ ಬಲೆಯಂಗಳಕ್ಕೆ ಬಂದು ಬಿಸಿಲಿಗೂ ಮಳೆಗೂ ಮೈ ಒಗ್ಗಿಸಿಕೊಂಡು, ಆರೇಳು ವಾರ ತುಂಬಿದಾಗ, ಜುಲೈ–ಆಗಸ್ಟ್‌ನಲ್ಲಿ ಕಾಡಿನ ದೊಡ್ಡಿಗೆ ಹೋಗುತ್ತವೆ. ದೊಡ್ಡಿಯೆಂದರೆ ಮರ, ಪೊದೆ, ಬಿಸಿಲು ಬೀಳುವ ಬಯಲು ಎಲ್ಲವನ್ನೂ ಒಳಗೊಂಡು ಆಳೆತ್ತರದ ತಂತಿಬಲೆ ಸುತ್ತಿದ ಕಾಡಿನ ತುಂಡು. ಬಲೆಯ ಕೆಳಗಿನ ಅಂಚನ್ನು ನೆಲದಲ್ಲಿ ಹೂತಿರುತ್ತಾರೆ. ಹೊರಗೆ ನರಿಗಾಗಿ ಎರಡು ಎಳೆ ವಿದ್ಯುತ್ ತಂತಿ. ಮೇಲೆ ಚಾವಣಿಯಿಲ್ಲ, ರೆಕ್ಕೆ ಬಲಿತದ್ದು ಹಾರಿ ಹೊರಗೆ ಹೋಗಲಿ ಎಂದೇ ತೆರೆದಿರುತ್ತದೆ. ಹೊರಗೆ ಹೋದದ್ದು ಸಂಜೆ ಹೆದರಿ ಮರಳಿದರೆ ಒಳಗೆ ಬರಲು ಬಲೆಯ ಬುಡದಲ್ಲಿ ಮೀನು ಹಿಡಿಯುವ ಕೂಣಿಯಂಥ ಸಣ್ಣ ದಾರಿ ಇರುತ್ತದೆ. ಹಕ್ಕಿ ನುಸುಳಬಹುದು, ನರಿ ನುಸುಳಲಾಗದು.

ಈಗ ಒಂದು ರಾತ್ರಿಯ ಮಾತು. ಎಂಟು-ಹತ್ತು ವರ್ಷದ ಹಿಂದಿನ ಜುಲೈ. ಆ ದಿನ ಬೆಳಗ್ಗೆಯಷ್ಟೇ ದೊಡ್ಡಿಗೆ ಮರಿ ಬಿಟ್ಟಿದ್ದರು. ಸಂಜೆ ಏಳಕ್ಕೆ ತಣ್ಣನೆಯ ಜಡಿಮಳೆ ಹಿಡಿಯಿತು. ಕೀಪರ್ ಫೋನ್ ಮಾಡಿದ, ಹೋದೆ. ಅರವತ್ತು ದಾಟಿದ ಮನುಷ್ಯ ಅಂಗಿ ತೊಪ್ಪೆಯಾಗಿ ಟಾರ್ಚ್ ಹಿಡಿದು ಬಲೆಯ ಮೂಲೆಯಲ್ಲಿ ಕೂತಿದ್ದ. ಹೊಸ ಜಾಗದ ಹೆದರಿಕೆಗೆ ಮರಿಗಳು ಮರವನ್ನೂ ಹತ್ತದೆ, ಪೊದೆಗೂ ನುಗ್ಗದೆ ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಅಡಿಯವು ಉಸಿರುಗಟ್ಟಿ ಸಾಯುತ್ತವೆ, ಮೇಲಿನವು ಚಳಿಗೆ ಸಾಯುತ್ತವೆ. ಅವನು ಒಂದೊಂದನ್ನೇ ಎತ್ತಿ, ಕೋಟಿನ ಒಳಗೆ ಒರೆಸಿ, ಹೇಜಲ್ ಪೊದೆಯ ಕೆಳಗೆ ಒಣಹುಲ್ಲಿನ ಮೇಲೆ ಬಿಡುತ್ತಿದ್ದ. ಬಾಯಲ್ಲಿ ಮೇವಿಗೆ ಕರೆಯುವ ಅದೇ ಸಣ್ಣ ಸೀಟಿ. ಬೆಳಗಿನ ಜಾವ ಮೂರರವರೆಗೆ ಇಬ್ಬರೂ ಅದನ್ನೇ ಮಾಡಿದೆವು. ನಲವತ್ತರಷ್ಟು ಸತ್ತವು, ಉಳಿದವು ಉಳಿದವು. ನಾಲ್ಕು ತಿಂಗಳಿಗೆ ಕೋವಿಗೆ ಕೊಡಬೇಕಾದ ಹಕ್ಕಿಗಾಗಿ ಈ ಮನುಷ್ಯ ಹೀಗೇಕೆ ನೆನೆಯುತ್ತಾನೆ ಎಂದು ಆಗ ನನಗೆ ಅನಿಸಲೇ ಇಲ್ಲ. ನಮ್ಮೂರಿನಲ್ಲಿ ಕೊಯ್ಯುವ ಕೋಳಿಗೂ ಅಮ್ಮ ಮಳೆಗಾಲದಲ್ಲಿ ಬುಟ್ಟಿ ಮುಚ್ಚಿ ಗೋಣಿ ಹೊದಿಸುತ್ತಿದ್ದಳು. ಕೈಯಲ್ಲಿರುವ ಜೀವಕ್ಕೆ ಆ ಹೊತ್ತು ಏನು ಬೇಕೋ ಅದನ್ನು ಕೊಡಬೇಕು, ಅಷ್ಟೆ.

ನನ್ನ ಕೋಪವೆಲ್ಲ ಬೇರೆ ಕಡೆಗೆ. ಲಾಡಿಂಗ್ಟನ್‌ನ ಆ ಟ್ರಸ್ಟ್ ಹೇಳುವ ಅಳತೆ ದೊಡ್ಡಿಯ ಹೆಕ್ಟೇರಿಗೆ 1,000 ಹಕ್ಕಿ, ಅಂದರೆ ಎಕರೆಗೆ ಸುಮಾರು 400. ಅಪರೂಪದ ಗಿಡಗಳಿರುವ ಸೂಕ್ಷ್ಮ ಕಾಡಾದರೆ 700. ಒಮ್ಮೆ ನನ್ನನ್ನು ಕರೆದ ಒಂದು ಕಡೆ (ಹೆಸರು ಬೇಡ) ಇದರ ಮೂರರಷ್ಟು ಸುರಿದಿದ್ದರು. ಆಗಸ್ಟ್ ಕೊನೆಗೆ ನೆಲದ ಮೇಲೆ ಹಸಿರು ಎನ್ನುವುದೇ ಇರಲಿಲ್ಲ, ಕೆಸರು ಮತ್ತು ಹಿಕ್ಕೆ. ಹಕ್ಕಿಗಳು ಕತ್ತು ಚಾಚಿ, ಬಾಯಿ ಬಿಟ್ಟು, ಸೀನಿದ ಹಾಗೆ 'ಸ್ನಿಕ್ ಸ್ನಿಕ್' ಎನ್ನುತ್ತಿದ್ದವು. ಸತ್ತ ಒಂದನ್ನು ಕಾರಿನ ಬಾನೆಟ್ ಮೇಲೆಯೇ ಸೀಳಿ ಶ್ವಾಸನಾಳ ಬಿಡಿಸಿದೆ. ಒಳಗೆ ರಕ್ತದ ಬಣ್ಣದ ದಾರದ ತುಂಡುಗಳು. ಗಂಡು ಹುಳ, ಹೆಣ್ಣು ಹುಳ ಒಂದಕ್ಕೊಂದು ಶಾಶ್ವತವಾಗಿ ಅಂಟಿಕೊಂಡು ಇಂಗ್ಲಿಷಿನ ವೈ ಅಕ್ಷರದಂತೆ ಕಾಣುತ್ತವೆ. ಗೇಪ್‌ವರ್ಮ್ ಎನ್ನುತ್ತಾರೆ. ಅದರ ಮೊಟ್ಟೆ ಹಿಕ್ಕೆಯಲ್ಲಿ ನೆಲಕ್ಕೆ ಬೀಳುತ್ತದೆ, ಎರೆಹುಳು ತಿನ್ನುತ್ತದೆ, ಎರೆಹುಳುವನ್ನು ಇನ್ನೊಂದು ಹಕ್ಕಿ ತಿನ್ನುತ್ತದೆ. ವರ್ಷ ವರ್ಷ ಅದೇ ದೊಡ್ಡಿಗೆ ಅತಿ ಹಕ್ಕಿ ಬಿಟ್ಟರೆ ಆ ಮಣ್ಣೇ ರೋಗದ ಹಗೇವು. ಇದಲ್ಲದೆ ಕರುಳಿನ ಕಾಕ್ಸಿಡಿಯೋಸಿಸ್, ಹೆಕ್ಸಾಮಿಟಾ, ಕಣ್ಣಿನ ಕೆಳಗೆ ಊತ ಬರಿಸುವ ಮೈಕೋಪ್ಲಾಸ್ಮಾ. ಎಲ್ಲಕ್ಕೂ ಮದ್ದಿದೆ, ಎಲ್ಲದರ ಬೇರು ಮಾತ್ರ ಒಂದೇ: ಇಕ್ಕಟ್ಟು. ಅಲ್ಲಿಯ ಯಜಮಾನರಿಗೆ ಮದ್ದಿನ ಚೀಟಿಯ ಜೊತೆ, ಮುಂದಿನ ವರ್ಷ ಮೂರರಲ್ಲಿ ಒಂದು ಪಾಲು ಮಾತ್ರ ಬಿಡಿ ಎಂದು ಬರೆದುಕೊಟ್ಟೆ. ಮತ್ತೆ ನನ್ನನ್ನು ಕರೆಯಲಿಲ್ಲ.

ದೇಶದ ಲೆಕ್ಕ ನೋಡಿದರೆ ಇದು ಒಬ್ಬಿಬ್ಬರ ಮಾತಲ್ಲ. ಸರ್ಕಾರದ ಅಂದಾಜಿನಂತೆ ಬ್ರಿಟನ್ನಿನಲ್ಲಿ ವರ್ಷಕ್ಕೆ 3.9 ಕೋಟಿಯಿಂದ 5.7 ಕೋಟಿ ಫೆಸಂಟ್‌ಗಳನ್ನೂ 80 ಲಕ್ಷಕ್ಕೂ ಹೆಚ್ಚು ಕೆಂಪುಕಾಲಿನ ಕೌಜುಗಗಳನ್ನೂ ಬಿಡುತ್ತಾರೆ. ಕೋವಿಗೆ ಬೀಳುವುದು ಮೂರರಲ್ಲೊಂದು ಪಾಲು ಚಿಲ್ಲರೆ. ಉಳಿದವು ನರಿಗೆ, ರೋಗಕ್ಕೆ, ನೀವು ರಸ್ತೆಯಲ್ಲಿ ನೋಡಿರುವಂತೆ ಕಾರಿನ ಗಾಲಿಗೆ. ಇಷ್ಟು ಹಕ್ಕಿ ಸಂರಕ್ಷಿತ ಕಾಡುಗಳ ನೆಲವನ್ನು ಏನು ಮಾಡೀತು ಎಂದು ವನ್ಯಜೀವಿ ಹೋರಾಟಗಾರರು ಕೋರ್ಟಿಗೆ ಹೋದಮೇಲೆ, 2021ರಿಂದ ಇಂಗ್ಲೆಂಡಿನಲ್ಲಿ ಅಂಥ ವಿಶೇಷ ತಾಣಗಳ ಒಳಗೂ ಅವುಗಳ 500 ಮೀಟರ್ ಸುತ್ತಲೂ ಹಕ್ಕಿ ಬಿಡಲು ಪರವಾನಗಿಯ ಕಟ್ಟು ಬಂತು. ಕಟ್ಟು ಬಂದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕೆಲವು ಕೀಪರ್ ಗೆಳೆಯರಿಗೆ ಇದರಿಂದ ಬೇಸರವಿದೆ. ಗಿಡುಗ, ಹದ್ದುಗಳ ವಿಷಯದಲ್ಲೂ ಅಷ್ಟೆ. ಮರಿ ಹೊತ್ತೊಯ್ಯುತ್ತವೆ, ನಿಜ. ಆದರೆ ಇಲ್ಲಿಯ 1981ರ ವನ್ಯಜೀವಿ ಕಾಯ್ದೆ ಅವನ್ನು ರಕ್ಷಿಸಿದೆ, ವಿಷ ಇಟ್ಟವನು ಅಪರಾಧಿಯೇ. ದಟ್ಟ ಪೊದೆ ಬೆಳೆಸಿದ ದೊಡ್ಡಿಯಲ್ಲಿ ಗಿಡುಗನಿಗೆ ಸಿಗುವುದು ಬಹಳ ಕಡಿಮೆ. ಅದನ್ನೂ ಕಾಡಿನ ಕೆಲಸವೇ ಕಾಯುತ್ತದೆ.

ಗ್ರೌಸ್‌ನ ಮಾತು ಬೇರೆ. ಅದನ್ನು ಸಾಕಿ ಬಿಡುವ ಪದ್ಧತಿಯಿಲ್ಲ, ಹೆದರ್ ಗುಡ್ಡವನ್ನು ತುಂಡು ತುಂಡಾಗಿ ಸುಟ್ಟು ಚಿಗುರಿಸಿ ಇದ್ದ ಹಕ್ಕಿಯನ್ನೇ ಹೆಚ್ಚಿಸುತ್ತಾರೆ. ಅದರ ಜಗಳಗಳು ಇನ್ನೊಂದು ಪತ್ರದಷ್ಟಿವೆ.

ಆಗಸ್ಟ್, ಸೆಪ್ಟೆಂಬರ್ ಕೀಪರ್‌ಗೆ ಕಾಲು ಸೋಲುವ ತಿಂಗಳು. ಹಕ್ಕಿ ದೊಡ್ಡಿಯಿಂದ ಹೊರಬಿದ್ದು ಎಲ್ಲೆಂದರಲ್ಲಿ ಅಲೆಯುತ್ತದೆ. ನೀವು ರಸ್ತೆಯಲ್ಲಿ ಕಂಡದ್ದು ಆ ಹೊತ್ತಿನವನ್ನೇ. ದಿನಾ ಬೆಳಗ್ಗೆ, ಸಂಜೆ ನಾಯಿ ಕರೆದುಕೊಂಡು ಜಮೀನಿನ ಎಲ್ಲೆ ಸುತ್ತಿ ಅವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾನೆ. ಓಣಿಗಳಲ್ಲಿ ಒಣಹುಲ್ಲು ಹರಡಿ, ಅದರ ಮೇಲೆ ಗೋಧಿ ಚೆಲ್ಲಿ, ಸೀಟಿ ಹೊಡೆಯುತ್ತಾನೆ. ಹುಲ್ಲು ಕೆದಕಿ ಕಾಳು ಹೆಕ್ಕುವುದರಲ್ಲೇ ಹಕ್ಕಿಗೆ ಹೊತ್ತು ಹೋಗಬೇಕು, ಅಲೆಯಲು ಪುರುಸೊತ್ತು ಸಿಗಬಾರದು. ಉಳಿದ ಕಡೆ ನೀಲಿ ಪ್ಲಾಸ್ಟಿಕ್ ಪೀಪಾಯಿ ಕಾಲಿನ ಮೇಲೆ ನಿಲ್ಲಿಸಿ, ಬುಡದಲ್ಲಿ ತಂತಿಸುರುಳಿ ಸಿಕ್ಕಿಸಿರುತ್ತಾರೆ. ಹಕ್ಕಿ ಕುಟುಕಿದಾಗ ನಾಲ್ಕು ಕಾಳು ಉದುರುತ್ತವೆ. ಬೇಟೆ ಶುರುವಾದಮೇಲೆ, ಹೊಡೆದು ಖಾಲಿಯಾದ ಜಾಗಕ್ಕೆ ಅದೇ ಋತುವಿನಲ್ಲಿ ಹೊಸ ಹಕ್ಕಿ ತಂದು ಬಿಡುವುದನ್ನು ಇಲ್ಲಿಯ ಬೇಟೆಗಾರರ ಸಂಹಿತೆಯೇ ಒಪ್ಪುವುದಿಲ್ಲ. ಆ ಗೆರೆ ನನಗೆ ಬಹಳ ಮುಖ್ಯ.

ಅಕ್ಟೋಬರ್ 1ಕ್ಕೆ ಋತು ತೆರೆದರೂ ತಿಳಿದವರು ಆಗಲೇ ಕೈ ಹಾಕುವುದಿಲ್ಲ. ಹಕ್ಕಿಗೆ ಗರಿ ಪೂರ್ತಿ ಬಂದು, ಮರದ ಎಲೆಯುದುರಿ, ನವೆಂಬರ್ ಆಗಬೇಕು.

ಅಳಿಯ ಹೋದ ದಿನ ಹೀಗಿರುತ್ತದೆ. ಬೆಳಗ್ಗೆ ಎಂಟೂವರೆಗೆ ಕೊಟ್ಟಿಗೆಯ ಅಂಗಳದಲ್ಲಿ ಕೂಡಬೇಕು. ಕೋವಿಯವರು ಸಾಮಾನ್ಯವಾಗಿ ಎಂಟು ಮಂದಿ. ಯಾರು ಎಲ್ಲಿ ನಿಲ್ಲಬೇಕೆಂದು ಚೀಟಿ ಎತ್ತುತ್ತಾರೆ, ಪ್ರತಿ ಡ್ರೈವ್ ಆದಮೇಲೆ ಎರಡೆರಡು ಸ್ಥಾನ ಸರಿಯುತ್ತಾರೆ, ಒಳ್ಳೆಯ ಜಾಗ ಒಬ್ಬನಿಗೇ ಸಿಗದಿರಲಿ ಎಂದು. ನೆಲದಲ್ಲಿ ನಂಬರ್ ಬರೆದ ಗೂಟವೇ ಅವರ ಬಿಲ್ಲು. ಸೋವಿನವರು ಹದಿನೈದು ಇಪ್ಪತ್ತು ಮಂದಿ: ರೈತರು, ನಿವೃತ್ತರು, ಕಾಲೇಜು ಹುಡುಗಿಯರು. ಕೈಯಲ್ಲಿ ಹೇಜಲ್ ಕೋಲು, ಮೇವಿನ ಹಳೆ ಚೀಲ ಕತ್ತರಿಸಿ ಕಟ್ಟಿದ ಬಾವುಟ. ಕೀಪರ್ ಸಾಲು ಹಿಡಿಸುತ್ತಾನೆ. ಇಲ್ಲಿ ನಮ್ಮೂರಿನ ಹಾಗೆ ಕೂಗು, ತಮಟೆ ಇಲ್ಲ. ಕೋಲಿನಿಂದ ಮರಕ್ಕೆ ಟಕ್ ಟಕ್ ಎನ್ನುತ್ತ, ಹೆಜ್ಜೆ ಹೆಜ್ಜೆಗೂ ಅಕ್ಕಪಕ್ಕದವರನ್ನು ನೋಡಿಕೊಂಡು ಸಾಲು ಕೆಡದಂತೆ ನಡೆಯಬೇಕು. ಕೇಲ್ ಎಲೆಗಳ ಕೆಳಗೆ ಹಕ್ಕಿ ಓಡುವ ಸರಸರ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಕೀಪರ್ 'ನಿಲ್ಲಿ' ಎಂದರೆ ಕೆಸರಿನಲ್ಲಿ ಕಾಲಿಟ್ಟಿದ್ದರೂ ಅಲ್ಲೇ ನಿಲ್ಲಬೇಕು. ಆಗ ಮುಂದೆ ಒಂದು, ಎರಡು, ಮತ್ತೆ ಐದು ಎದ್ದು ಕಣಿವೆಯ ಮೇಲೆ ತೇಲಿ ಹೋಗುತ್ತವೆ. ಕೊಂಬು ಊದಿದರೆ ಡ್ರೈವ್ ಮುಗಿಯಿತು, ಕೋವಿ ಖಾಲಿ ಮಾಡಬೇಕು. ಸಾಲು ಹತ್ತಿರ ಬಂದಮೇಲೆ ಕೋವಿಯವರು ಮುಂದಕ್ಕೆ ಹೊಡೆಯುವಂತಿಲ್ಲ, ಹಿನ್ನೆಲೆಯಲ್ಲಿ ಆಕಾಶ ಕಾಣದ ಹಕ್ಕಿಯನ್ನು ಯಾವತ್ತೂ ಹೊಡೆಯುವಂತಿಲ್ಲ. ಈ ಎರಡು ನಿಯಮ ಮುರಿದವನನ್ನು ಮಧ್ಯಾಹ್ನದ ಊಟಕ್ಕೂ ನಿಲ್ಲಿಸದೆ ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ಅಳಿಯ ಕಣ್ಣಿಗೆ ಗಟ್ಟಿ ಕನ್ನಡಕ ಹಾಕಲಿ, ಮುಳ್ಳಿಗೆ ದಪ್ಪ ಪ್ಯಾಂಟ್ ಹಾಕಲಿ, ಸಾಲು ಬಿಟ್ಟು ಮುಂದೆ ಹೋಗದಿರಲಿ.

ಅವನು ಗಮನಿಸಬೇಕಾದವರು ಕೋವಿಯವರ ಹಿಂದೆ ದೂರದಲ್ಲಿ ಲ್ಯಾಬ್ರಡಾರ್, ಸ್ಪ್ಯಾನಿಯಲ್ ನಾಯಿಗಳೊಂದಿಗೆ ನಿಂತವರು. ಗಾಯಗೊಂಡು ಬಿದ್ದ ಹಕ್ಕಿಯನ್ನು ಕೂಡಲೇ ಹುಡುಕಿ ಮುಗಿಸುವುದು ಅವರ ಕೆಲಸ. 40 ಗಜ ಮೀರಿದ ಎತ್ತರಕ್ಕೆ ಹೊಡೆದರೆ ಚರೆ ಹರಡಿ ಹಕ್ಕಿ ಸಾಯದೆ ಗಾಯಗೊಳ್ಳುವುದೇ ಹೆಚ್ಚು. ಎತ್ತರದ ಹಕ್ಕಿ ಎಂಬ ಮೋಹಕ್ಕೆ ಬಿದ್ದು ಕೈಗೆಟುಕದ್ದಕ್ಕೆ ಹೊಡೆಯುವವರ ಮೇಲೆ ನನಗೆ ಗೌರವವಿಲ್ಲ. ಸೀಸದ ಚರೆಯೂ ಹೋಗಬೇಕು. ನೀರುಹಕ್ಕಿಗೆ ಅದನ್ನು ಬಳಸುವುದು ಇಂಗ್ಲೆಂಡಿನಲ್ಲಿ 1999ರಿಂದಲೇ ನಿಷಿದ್ಧ. ಉಳಿದ ಬೇಟೆಯಲ್ಲೂ ನಿಲ್ಲಿಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿದೆ, ಬದಲಾಗಲು ಕಾಲಾವಕಾಶ ಕೊಟ್ಟಿದೆ.

ಹಾಗಾದರೆ ಇದು ಬೇಟೆಯೇ ಎಂದು ಕೇಳಿದಿರಿ. ಅಜ್ಜನ ಲೆಕ್ಕದಲ್ಲಿ ಅಲ್ಲ. ಇದು ಬೆಳೆ ಮತ್ತು ಬೇಟೆಯ ನಡುವಿನದು. ಹಣ ಕೊಟ್ಟು ಬರುವವರು ಒಂದು ಹಕ್ಕಿಗೆ ಹತ್ತಾರು ಪೌಂಡ್ ತೆರುತ್ತಾರೆ, ಅದೇ ಹಕ್ಕಿ ಮಾಂಸದ ವ್ಯಾಪಾರಿಗೆ ಹೋಗುವಾಗ ಅದರ ಸಣ್ಣ ಪಾಲೂ ಹುಟ್ಟುವುದಿಲ್ಲ. ಆ ಹಣದಲ್ಲಿ ಹೇಜಲ್ ಕಡಿಸಿ, ಬೇಲಿ ನೆಟ್ಟು, ಕಾಡನ್ನು ಉಳಿಸಿಕೊಂಡ ಜಾಗಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ದಿನಕ್ಕೆ ನೂರು ಹಕ್ಕಿಗೆ ತೃಪ್ತಿಪಟ್ಟು, ಎಲ್ಲವನ್ನೂ ತಿನ್ನುವವರನ್ನು ಒಪ್ಪುತ್ತೇನೆ. ಕಾಡು ಕಟ್ಟದೆ ಹಕ್ಕಿ ತಂದು ಸುರಿದು, ಐನೂರರ ಲೆಕ್ಕ ತೋರಿಸಿ ಬಿಲ್ ಬರೆಯುವವರನ್ನು ಒಪ್ಪುವುದಿಲ್ಲ. ನಿಮ್ಮ ಸಂಕಟ ಅವರ ಕಡೆಗಿದ್ದರೆ, ನನ್ನದೂ ಅದರ ಜೊತೆ ಸೇರಿಸಿಕೊಳ್ಳಿ.

ಸಂಜೆ ಅಳಿಯನ ಕೈಗೆ ಕೂಲಿಯ ಜೊತೆ ಒಂದು ಜೋಡಿ ಕೊಡುತ್ತಾರೆ, ಒಂದು ಹುಂಜ, ಒಂದು ಹೇಂಟೆ, ಕತ್ತಿಗೆ ದಾರ ಕಟ್ಟಿ. ಬೇಡ ಎನ್ನದಿರಲಿ, ಅದು ಗೌರವ. ಗರಿ ಸಮೇತ ತಣ್ಣನೆಯ ಶೆಡ್ಡಿನಲ್ಲಿ ಎರಡು ಮೂರು ದಿನ ತೂಗುಹಾಕಿ ಆಮೇಲೆ ಸುಲಿಯಬೇಕು. ಕೊಬ್ಬಿಲ್ಲದ ಮಾಂಸ, ಹುರಿದರೆ ಕಟ್ಟಿಗೆಯಾಗುತ್ತದೆ. ನಾಟಿಕೋಳಿಯ ಹಾಗೆ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಅರೆದು ನಿಧಾನ ಬೇಯಿಸಿದ ಸಾರಿಗೆ ಕಡುಬು ಹೊಂದುತ್ತದೆ. ಮಾಂಸದಲ್ಲಿ ಚರೆ ಸಿಕ್ಕೀತು, ಬೆರಳಾಡಿಸಿ ಹುಡುಕಿ ತೆಗೆಯಲಿ. ಸೀಸದ ಚರೆಯಿಂದ ಹೊಡೆದದ್ದಾದರೆ ಮಕ್ಕಳಿಗೂ ಬಸುರಿಯರಿಗೂ ಕೊಡದಿರುವುದೇ ಲೇಸು. ಇಲ್ಲಿನ ಆಹಾರ ಇಲಾಖೆಯ ಸಲಹೆಯೂ ಅದೇ ದಿಕ್ಕಿನದು.

ಆ ಜಾಗ ಎಂಥದು ಎಂದು ತಿಳಿಯಬೇಕಿದ್ದರೆ ಅಳಿಯನಿಗೆ ಇನ್ನೊಂದು ಕೆಲಸ ಹೇಳಿ. ಫೆಬ್ರವರಿ ಮೂರನೇ ವಾರ, ಬೇಟೆ ಮುಗಿದಮೇಲೆ, ಊರಿನ ಕಾಲುದಾರಿಯಲ್ಲಿ ಅದೇ ಕಾಡಿನ ಅಂಚಿಗೆ ಹೋಗಿ ನೀಲಿ ಪೀಪಾಯಿಗಳನ್ನು ನೋಡಲಿ. ಬೀಜಗಳೆಲ್ಲ ಮುಗಿದು ಹುಳಗಳಿನ್ನೂ ಏಳದ ಆ ತಿಂಗಳುಗಳಲ್ಲಿ ಹಕ್ಕಿಗಳಿಗೆ ಎಲ್ಲಕ್ಕಿಂತ ಹೆಚ್ಚು ಹಸಿವು. ಪೀಪಾಯಿಯಲ್ಲಿ ಗೋಧಿ ಇದ್ದು, ಬುಡದಲ್ಲಿ ಗುಬ್ಬಿಗಳು ಕಾಳು ಹೆಕ್ಕುತ್ತಿದ್ದರೆ, ಮುಂದಿನ ವರ್ಷವೂ ಅಲ್ಲಿಗೇ ಹೋಗಲಿ.